ಮೂರು ಸೆಕೆಂಡ್ ತಡೆದರೆ

ಮಾರ್ಚ್ 3, ಸೋಮವಾರ, ಬೆಳಿಗ್ಗೆ 10

ನೆರೆದಿರುವ ಮಹಾಜನಗಳೇ! ಮುಂದಿನ ಸಾಲಿನ ಗಣ್ಯರೇ, ಹಿಂದೆ ಬೆಂಚು ಹತ್ತಿ ನಿಂತಿರುವ ಪುಂಡರೇ! ... ಯಾರೂ ಇಲ್ಲ. ಡೈರಿ ಮಾತ್ರ. ಇರಲಿ, ಅಭ್ಯಾಸ ಬಲ.

ಕಂಪ್ಯೂಟರ್ ಇವತ್ತೂ ಮುಷ್ಕರ ಹೂಡಿದೆ. ಸ್ವಿಚ್ ಒತ್ತಿ, ಸ್ನಾನ ಮುಗಿಸಿ ಬಂದರೂ ಚಕ್ರ ತಿರುಗುತ್ತಲೇ ಇತ್ತು. ರೆಕಾರ್ಡಿಂಗ್ ನಡುನಡುವೆ ಕಟ್ — ನನ್ನ ಸಿಂಹಗರ್ಜನೆ ಬಿಕ್ಕಳಿಕೆಯಾಗಿ ಕೇಳುತ್ತದೆ. ಕಣ್ಣು ಕಾಣದವರ ಶಾಲೆಗೆ ‘ಸೆರೆಮನೆಯ ದೊರೆ’ ನಾಟಕವನ್ನು ರೆಕಾರ್ಡ್ ಮಾಡಿ ಹದಿಮೂರನೇ ತಾರೀಖು ಕೊಡಬೇಕು. ಎಲ್ಲ ಪಾತ್ರವೂ ನಾನೇ. ಕೊನೆಯ ಅಂಕ ಬಾಕಿ. ಕಾಗದ ಹಿಡಿದು ಓದುವ ಗಿರಾಕಿಯಲ್ಲ ನಾನು. ಐವತ್ತು ವರ್ಷದ ಬಾಯಿಪಾಠ!

ಸೊಸೆಗೆ ಹೇಳಿದೆ. ರಿಪೇರಿ ಅಂಗಡಿ ಅವಳದೇ.

ಮಾರ್ಚ್ 4, ಮಂಗಳವಾರ

“ಒಳಗಡೆ ಬೊಜ್ಜು ಬಂದಿದೆ ಮಾವ. ಆಪರೇಟಿಂಗ್ ಸಿಸ್ಟಂನೇ ತೆಳ್ಳಗೆ ಮಾಡ್ತೀನಿ” ಎಂದು ಸೊಸೆ ಕುಳಿತಳು. ಹವಾಮಾನ, ಆಟಗಳು, ಸುದ್ದಿ, ಇಲ್ಲದ ಪ್ರಿಂಟರಿಗಾಗಿ ಕಾಯುತ್ತಿದ್ದ ಸರ್ವಿಸು — ಒಂದೊಂದೇ ಹೊರಕ್ಕೆ. ನಾನು ನ್ಯಾಯಾಧೀಶನ ಧ್ವನಿಯಲ್ಲಿ “ಗಡೀಪಾರು!” ಎನ್ನುತ್ತಿದ್ದೆ. ಅವಳು ನಗುತ್ತಾ ಅಳಿಸುತ್ತಿದ್ದಳು.

ಒಂದರ ಮೇಲೆ ಬೆರಳು ನಿಂತಿತು.

“ಇದು ದೊಡ್ಡಮಾವ ಬರೆದಿದ್ದು. ಅರ್ಧ ಮೆಮೊರಿ ಇದೇ ನುಂಗ್ತಿದೆ. ಇರ್ಲಾ?”

ಅಣ್ಣ. ಹೋಗಿ ಎಂಟು ತಿಂಗಳು. ಮೂವತ್ತು ವರ್ಷ ರಂಗದ ಎಡಬದಿಯಲ್ಲಿ, ಪರದೆಯ ಹಿಂದೆ ನಿಂತು ನನಗೆ ಮಾತು ಎತ್ತಿಕೊಟ್ಟವನು. ಮೊಣಕಾಲು ಸೋತ ಮೇಲೆ ಈ ಪ್ರೋಗ್ರಾಂ ಬರೆದ. ಮೈಕಿನಲ್ಲಿ ನನ್ನನ್ನು ಆಲಿಸುತ್ತಿರುತ್ತದೆ. ಮೂರು ಸೆಕೆಂಡ್ ತಡೆದರೆ ಸಾಕು, ಮುಂದಿನ ಮಾತು ಸ್ಕ್ರೀನಿನ ಕೆಳಗೆ ಮೂಡುತ್ತದೆ.

“ನಾನು ಅದನ್ನ ನೋಡೋದೇ ಇಲ್ಲ. ತೆಗಿ.”

“ನಿಜವಾಗ್ಲೂ?”

“ಗಡೀಪಾರು!”

ಈ ಸಲ ಅವಳು ನಗಲಿಲ್ಲ.

ಮಾರ್ಚ್ 6, ಗುರುವಾರ, ಮಧ್ಯಾಹ್ನ 3

ಕಣ್ಣು ಮಿಟುಕಿಸುವುದರೊಳಗೆ ಕಂಪ್ಯೂಟರ್ ಶುರು! ಫ್ಯಾನಿನ ಏದುಸಿರೂ ಇಲ್ಲ. ಕೋಣೆಯಿಂದ ಯಾರೋ ಎದ್ದು ಹೋದ ಹಾಗೆ...

ಕೊನೆಯ ಅಂಕ. ದೊರೆ ಎದ್ದ, ಸೆರೆಮನೆಯ ಸರಳು ಹಿಡಿದ. ಆಮೇಲೆ — ಮಾತಿಗಾಗಿ ಎಡಕ್ಕೆ ತಿರುಗಿದೆ. ಗೋಡೆ. ಅಷ್ಟರಲ್ಲಿ ಕಿವಿಯ ಬಳಿ ಪಿಸುಮಾತು. ಸ್ಪಷ್ಟವಾಗಿ. ಹಿಡಿದುಕೊಂಡೆ, ಅಬ್ಬರಿಸಿದೆ, ಮುಗಿಸಿದೆ.

ಅಣ್ಣಾ, ಬಂದೆಯಾ?

ಮಾರ್ಚ್ 11, ಮಂಗಳವಾರ

ಇಷ್ಟು ದಿನ ಆ ಪಿಸುಮಾತಿನ ಜೊತೆಗೇ ಇದ್ದೆ. ಇವತ್ತು ಸೊಸೆಗೆ ರೆಕಾರ್ಡಿಂಗ್ ಕೇಳಿಸಿದೆ.

“ಮಾವ, ಇಲ್ಲಿ ಹತ್ತೊಂಬತ್ತು ಸೆಕೆಂಡ್ ಏನೂ ಇಲ್ಲ.”

“ಪಿಸುಮಾತು?”

“ಯಾವ ಪಿಸುಮಾತು? ... ಆಮೇಲೆ, ದೊರೆ ಇಲ್ಲಿ ನೀರು ಕೇಳ್ಬೇಕಲ್ವಾ? ನೀವು ಸೆರೆಮನೆಯೊಳಗೆ ನಿಂತು ಮಗಳ ಮದುವೆ ನಿಶ್ಚಯ ಮಾಡ್ತಿದೀರ! ಇದು ಬೇರೆ ನಾಟಕ.”

ಜೋರಾಗಿ ನಕ್ಕೆ. ಅವಳೂ ನಗಲಿ ಎಂದು. ನಗಲಿಲ್ಲ. ಅಣ್ಣನ ಪ್ರೋಗ್ರಾಂ ತಾನಾಗಿಯೇ ಬರೆದಿಟ್ಟುಕೊಂಡಿದ್ದ ಪಟ್ಟಿ ತೋರಿಸಿದಳು. ಮೊದಲ ವರ್ಷ ನನಗೆ ಮಾತು ಎತ್ತಿಕೊಟ್ಟದ್ದು ದಿನಕ್ಕೆ ಎರಡು ಸಲ. ಹೋದ ತಿಂಗಳು — ದಿನಕ್ಕೆ ನಲವತ್ತು.

“ದೊಡ್ಡಮಾವಂಗೆ ಗೊತ್ತಿತ್ತು ಅನ್ಸತ್ತೆ. ಕಾಪಿ ಇಟ್ಕೊಂಡಿದೀನಿ. ವಾಪಸ್ ಹಾಕ್ಲಾ? ಬೇರೆ ಬೊಜ್ಜೆಲ್ಲ ಇಳಿದಿದೆ, ಈಗ ಓಡತ್ತೆ. ಆಮೇಲೆ ಒಂದ್ಸಲ ಡಾಕ್ಟರ ಹತ್ರ...”

“ನನಗೇನಾಗಿದೆ? ಬೇಡ!”

ಕಿಟಕಿಯ ಗಾಜು ನಡುಗಿತು. ಅವಳ ಗಲ್ಲವೂ.

ಮಾರ್ಚ್ 12, ಬುಧವಾರ, ಸಂಜೆ 5

ಮತ್ತೆ ಅದೇ ಅಂಕ. ಅದೇ ಸರಳು. ಅಲ್ಲೇ ನಿಂತೆ. ಪಿಸುಮಾತು ಬಂತು. ಬಾಯಿ ಬಿಗಿದು ಆಲಿಸಿದೆ. ಮತ್ತೆ ಮದುವೆಯ ಮಾತೇ.

ಮೂವತ್ತು ವರ್ಷದಲ್ಲಿ ಅಣ್ಣ ಒಂದೇ ಒಂದು ಮಾತನ್ನೂ ತಪ್ಪಾಗಿ ಎತ್ತಿಕೊಟ್ಟವನಲ್ಲ.

ಹಾಗಾದರೆ ನನ್ನ ಎಡಬದಿಯಲ್ಲಿ ನಿಂತಿರುವುದು ಯಾರು?

ನಾಳೆ ಬೆಳಿಗ್ಗೆ ಎದ್ದವನೇ ಸೊಸೆಯ ಅಂಗಡಿಗೆ ಹೋಗುತ್ತೇನೆ. ಗಿರಾಕಿಗಳೆಲ್ಲ ಕೇಳಲಿ, ಗಟ್ಟಿಯಾಗಿಯೇ ಹೇಳುತ್ತೇನೆ — ತಾಯೀ, ತಪ್ಪಾಯಿತು, ವಾಪಸ್ ಹಾಕಿಬಿಡು, ಅಣ್ಣ ಬರೆದ ಆ... ನಾನು ತಡೆದರೆ ಕೆಳಗೆ ಮೂಡುತ್ತಿತ್ತಲ್ಲ, ಆ... ಅದಕ್ಕೇನೋ ಅಂತಾರಲ್ಲ...