ಚಕ್ರ ನೋಡುತ್ತ ನಿಂತವರು

ಬೊಬ್ರುವಾಡ, ಅಂಕೋಲಾ
೧೯ ಫೆಬ್ರವರಿ ೨೦೦೬

ಪ್ರೀತಿಯ ಗೋದಾವರಿ,

ನಿನ್ನ ಪತ್ರ ಬಂದು ಎರಡು ವಾರದ ಮೇಲಾಯಿತು. ತಡವಾಯಿತೆಂದು ಬೇಜಾರು ಮಾಡಿಕೊಳ್ಳಬೇಡ ಮಾರಾಯ್ತಿ, ಎರಡು ಸಲ ಬರೆದು ಹರಿದೆ. ಬರೆದದ್ದೆಲ್ಲ ಶಾಲೆಯಿಂದಲೂ ಗೆಳತಿಯಾದ ನಿನ್ನನ್ನೇ ಬೈದ ಹಾಗೆ ಕಾಣುತ್ತಿತ್ತು. ನನಗೆ ಸಿಟ್ಟು ಬಂದಿರುವುದು ನನ್ನ ಗಂಡನ ಮೇಲೆ, ನಿನ್ನ ಗಂಡ ದೇವಿದಾಸ ಭಾವನ ಮೇಲೆ. ನಿನ್ನ ಮೊಣಕಾಲು ಈಗ ಹೇಗಿದೆ? ಆ ಕಾಲೊಂದು ನೆಟ್ಟಗಿದ್ದು ನೀನೂ ಮಡಗಾಂವಿಗೆ ಬಂದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ಕರೆಸಿಕೊಂಡು ಅವಮಾನ ಮಾಡಿ ಕಳಿಸಿದಿರಿ ಎಂದು ಬರೆದಿದ್ದೀಯಲ್ಲ, ಭಾವ ನಿನಗೆ ಎಷ್ಟು ಹೇಳಿದರು, ಎಷ್ಟು ನುಂಗಿದರು ಎಂದು ನನಗೆ ಗೊತ್ತಾಗುವುದಿಲ್ಲವೇ? ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಕೇಳು.

ನಮ್ಮ ನಾಗಶ್ರೀ, ನಿಮ್ಮ ಸುಜಯ ಒಬ್ಬರನ್ನೊಬ್ಬರು ನೋಡುವುದು ಮಡಗಾಂವ ಸ್ಟೇಷನ್ನಿನಲ್ಲಿ ಎಂದು ಗಂಡಸರು ಗೊತ್ತು ಮಾಡಿದಾಗಲೇ ನನಗೆ ತಲೆ ಕೆಟ್ಟಿತ್ತು. ಹೆಣ್ಣು ನೋಡುವುದು ಹೆಣ್ಣಿನ ಮನೆಯಲ್ಲೋ, ಪ್ಲಾಟ್‌ಫಾರ್ಮಿನಲ್ಲೋ? ಘಟ್ಟದ ಹಳಿ ಕಾದು ನೌಕರಿ ಮುಗಿಸಿದ ಭಾವ ಕೊಂಕಣ ರೈಲು ಹತ್ತುವುದಿಲ್ಲವಂತೆ, ಕೊಂಕಣದ ಹಳಿ ಕಾಯುವ ನಮ್ಮವರು ಘಟ್ಟದ ರೈಲು ಹತ್ತುವುದಿಲ್ಲವಂತೆ. ಎರಡೂ ರೈಲು ಮಡಗಾಂವಿಗೆ ಬರುತ್ತವಲ್ಲ, ಅಲ್ಲೇ ಆಗಲಿ ಎಂದರು. ಇಬ್ಬರೂ ಒಪ್ಪಿದ ಮಾತು ಅದೊಂದೇ.

ಅಲ್ಲಿ ಬೆಂಚಿನ ಮೇಲೆ ಕುಳಿತು ನಾನು ಡಬ್ಬಿ ಬಿಚ್ಚಿ ರವೆ ಉಂಡೆ ಹಂಚಬೇಕು ಅನ್ನುವಷ್ಟರಲ್ಲಿ ಶುರುವಾಯಿತು. ನಮ್ಮ ಲೈನಿಗೆ ನೂರು ವರ್ಷದ ಮೇಲಾಯಿತು, ನಿಮ್ಮದು ನಿನ್ನೆ ಮೊನ್ನೆ ಹುಟ್ಟಿದ್ದು ಎಂದರು ಭಾವ. ನಿಮ್ಮ ಗಾಡಿಗೆ ಘಟ್ಟ ಹತ್ತಲು ಹಿಂದಿನಿಂದ ಎಂಜಿನ್ ಹಚ್ಚಿ ದೂಡಬೇಕು, ನಮ್ಮದು ಯಾರ ಹಂಗೂ ಇಲ್ಲದೆ ಓಡುತ್ತದೆ ಎಂದರು ನಮ್ಮವರು. ಮಳೆಗಾಲದಲ್ಲಿ ಎಷ್ಟು ಓಡುತ್ತದೆ ಎಂದು ನಾವೂ ಕಂಡಿದ್ದೇವೆ ಎಂದರು ಭಾವ. ಸುರಂಗ ಯಾರದ್ದು ಉದ್ದ, ಸೇತುವೆ ಯಾರದ್ದು ಎತ್ತರ, ಮುಗಿಯುವ ಲಕ್ಷಣವೇ ಇಲ್ಲ. ಹುಡುಗ ಹುಡುಗಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಇವರ ಬಾಯಿಯನ್ನೇ ನೋಡುತ್ತಿದ್ದರು. ನಾನು ಡಬ್ಬಿ ಮುಚ್ಚಿ ಚೀಲಕ್ಕೆ ಹಾಕಿ ನಾಗಶ್ರೀಯ ಕೈಗೆ ಕೊಟ್ಟು, ಆಚೆ ಹೋಗಿ ನೀವಾದರೂ ಮಾತಾಡಿಕೊಳ್ಳಿ ಎಂದೆ.

ಆಮೇಲೆ ಭಾವ ಒಂದು ಮಾತು ಆಡಿದರು. ಅದನ್ನು ನಿನಗೆ ಹೇಳಿರಲಿಕ್ಕಿಲ್ಲ.

"ನಮ್ಮ ಘಟ್ಟದ ಲೈನಿಗೆ ಜನ ಜೀವ ಕೊಟ್ಟಿದ್ದಾರೆ ರಾಮನಾಥ. ನಿಮ್ದಕ್ಕೆ ನೀವು ಎಂತಾ ಕೊಟ್ಟಿದ್ರಿ? ನೌಕರಿ ತಗಂಡ್ರಿ, ಅಷ್ಟೇ ಅಲ್ದಾ?"

ನಮ್ಮವರು ಬಾಯಿಯೇ ಬಿಡಲಿಲ್ಲ. ನಾನೂ ಏನು ಹೇಳಲಿ? ನನ್ನ ಅಪ್ಪ ಆ ಘಟ್ಟದಲ್ಲೇ, ಮಳೆಯಲ್ಲಿ ಹಳಿಯ ಮೇಲೆ ಬಿದ್ದ ಕಲ್ಲು ತೆಗೆಯಲು ಹೋಗಿ ತೀರಿಕೊಂಡವನು. ಅಪ್ಪ ತೀರಿಕೊಂಡ ತಿರುವಿನಲ್ಲಿ ಭಾವ ನೌಕರಿ ಮುಗಿಯುವವರೆಗೂ ಹೂ ಇಡುತ್ತಿದ್ದರು ಎಂದು ನೀನೇ ಬರೆದಿದ್ದೆ. ನನಗೆ ತವರು ಆ ರೈಲು, ಗಂಡನ ಮನೆ ಈ ರೈಲು. ನಾನು ಯಾರ ಪಕ್ಷ ವಹಿಸಲಿ ಹೇಳು?

ಅಷ್ಟರಲ್ಲಿ ಒಂದು ಗಾಡಿ ಬಂತು. ಹಳಿ ಕೆಲಸದವರ ಅಭ್ಯಾಸ ನಿನಗೇನು ಹೊಸದೇ? ಗಾಡಿ ಹೊರಟ ಕೂಡಲೇ ಇಬ್ಬರೂ ಎದ್ದರು. ಪಕ್ಕಪಕ್ಕದಲ್ಲಿ ನಿಂತು ಸೊಂಟ ಬಗ್ಗಿಸಿ ಒಂದೊಂದೇ ಚಕ್ರ ನೋಡಿದರು, ಎಲ್ಲಾದರೂ ಹೊಗೆಯಿದೆಯೇ, ಏನಾದರೂ ಜೋತಾಡುತ್ತಿದೆಯೇ ಎಂದು. ಕೊನೆಯ ಡಬ್ಬಿ ಹೋಗುವಾಗ ಎಲ್ಲ ಸರಿಯಿದೆ ಎಂದು ಗಾರ್ಡಿಗೆ ಇಬ್ಬರೂ ಒಟ್ಟಿಗೆ ಕೈ ಎತ್ತಿದರು. ಆ ಘಳಿಗೆಯಲ್ಲಿ ನೋಡಿದವರು ಅಣ್ಣತಮ್ಮ ಎನ್ನಬೇಕು, ಹಾಗೆ ನಿಂತಿದ್ದರು. ಇಷ್ಟು ನಿಶ್ಚಿಂತೆಯಿಂದ ಕಳಿಸಿಕೊಡುತ್ತಿದ್ದಾರಲ್ಲ, ಬೇರೆ ಯಾವುದೋ ಗಾಡಿ ಇರಬೇಕೆಂದು ನಾನೂ ಕುಳಿತೇ ಇದ್ದೆ.

ಅದು ನಮ್ಮದೇ ಗಾಡಿ ಗೋದಾವರಿ, ನಾವು ಹತ್ತಬೇಕಾದ ಕಾರವಾರದ ಪ್ಯಾಸೆಂಜರ್. ನಾಗಶ್ರೀ ಆಚೆ ತುದಿಯಲ್ಲಿ ಹತ್ತಿ ಸೀಟು ಹಿಡಿದಿದ್ದಳು. ಚೀಲ ಕೊಡಲು ಹತ್ತಿದ ಸುಜಯನಿಗೆ ಇಳಿಯುವ ನೆನಪಾಗಲಿಲ್ಲವಂತೆ. ನಮ್ಮ ಮಗಳನ್ನು, ನಿಮ್ಮ ಮಗನನ್ನು ಈ ಇಬ್ಬರು ಮಹಾನುಭಾವರು ಕೈ ಎತ್ತಿ ಕಳಿಸಿಕೊಟ್ಟರು! ಆಮೇಲೆ ನೀನು ಯಾಕೆ ನೋಡಲಿಲ್ಲ, ನೀನು ಯಾಕೆ ಹೇಳಲಿಲ್ಲ ಎಂದು ಮತ್ತೊಂದು ಸುತ್ತು. ಮಗ ತಾನೇ ಬರುತ್ತಾನೆ ಎಂದು ಭಾವ ಮುಖ ತಿರುಗಿಸಿ ತಮ್ಮ ಗಾಡಿಗೆ ಹೋದರು. ನಾವಿಬ್ಬರೂ ಬಸ್ಸು ಹಿಡಿದು ಕಾರವಾರಕ್ಕೆ ಹೋದೆವು.

ಅಲ್ಲಿ ಗಾಡಿ ನಿಲ್ಲುವ ಶಿರವಾಡದ ಸ್ಟೇಷನ್ನಿಗೆ ಹೋಗಿ ನೋಡಿದರೆ ಇಬ್ಬರೂ ಬೆಂಚಿನ ಮೇಲೆ ಆರಾಮಾಗಿ ಕುಳಿತಿದ್ದಾರೆ, ನಡುವೆ ಖಾಲಿ ಡಬ್ಬಿ. ನಾನು ಬೈಯಲು ಬಾಯಿ ತೆಗೆಯುವ ಮೊದಲೇ ನಾಗಶ್ರೀ ಹೇಳಿದಳು: "ನಮ್ದು ಎಲ್ಲಾ ಮಾತಾಡಿ ಮುಗೀತು ಆಯಿ. ನಿಮ್ದು ಯಾವಾಗ ಮುಗೀತದೆ?"

ಮುಗಿದಿಲ್ಲ. ಈ ಸಂಬಂಧ ಬೇಡ ಎಂದು ನಮ್ಮವರು ಹಟ ಹಿಡಿದು ಕುಳಿತಿದ್ದಾರೆ. ಕಾರಣ ಕೇಳಿದರೆ ಎದ್ದು ಹಿತ್ತಲಿಗೆ ಹೋಗುತ್ತಾರೆ. ಹುಡುಗಿ ಬೇರೆ ಯಾರನ್ನೂ ನೋಡುವುದಿಲ್ಲ ಎನ್ನುತ್ತಾಳೆ, ಊಟಕ್ಕೂ ಅಪ್ಪನ ಜೊತೆ ಕೂರುವುದಿಲ್ಲ. ನನಗೆ ಇಬ್ಬರಿಗೂ ಬೇರೆ ಬೇರೆ ಬಡಿಸಿ ಸಾಕಾಗಿದೆ. ಎರಡು ಲೈನೂ ಒಂದೇ ಸಹ್ಯಾದ್ರಿಯನ್ನು ಕೊರೆದು ಬಂದದ್ದು, ಎರಡರ ಕೆಲಸದವರ ಕೈಯೂ ಒಂದೇ ನಮೂನೆ ದಡ್ಡುಗಟ್ಟಿದ್ದು. ಗಾಡಿಗಳೇ ಒಂದು ಸ್ಟೇಷನ್ನಿನಲ್ಲಿ ಗಲಾಟೆಯಿಲ್ಲದೆ ನಿಲ್ಲುತ್ತವೆ, ಇವರಿಗೇನು ಬಂದಿದೆ ರೋಗ?

ಹೇಗಾದರೂ ಮಾಡಿ ಭಾವನನ್ನು ಒಂದು ಸಲ ಅಂಕೋಲೆಗೆ ಕಳಿಸು. ಯಾವ ರೈಲಿನಲ್ಲಾದರೂ ಬರಲಿ, ನಡೆದಾದರೂ ಬರಲಿ. ಸುಜಯನಿಗೆ ನನ್ನ ಆಶೀರ್ವಾದ ಹೇಳು. ನಿನ್ನ ಕಾಲು ಬೇಗ ನೆಟ್ಟಗಾಗಲಿ, ಮದುವೆಯಲ್ಲಿ ಓಡಾಡುವ ಕೆಲಸ ಬಹಳ ಇದೆ.

ನಿನ್ನ
ವೈಜಯಂತಿ

ಮತ್ತೆ ಒಂದು ಮಾತು. ಬರೆಯಬಾರದು ಎಂದುಕೊಂಡಿದ್ದೆ. ನಾವು ಬೊಬ್ರುವಾಡಕ್ಕೆ ಬರುವ ಮುಂಚೆ ಇದ್ದ ಮನೆ ನಿನಗೆ ನೆನಪಿದೆಯಲ್ಲ, ನೀನು ನಾಗಶ್ರೀಯ ತೊಟ್ಟಿಲಿಗೆ ಬಂದು ಉಳಿದಿದ್ದೆ. ಆ ಮನೆ ಕೊಂಕಣ ರೈಲಿನ ಹಳಿ ಹಾಕಲು ಹೋಯಿತು, ಅದಕ್ಕೆ ಬದಲಾಗಿಯೇ ನಮ್ಮವರಿಗೆ ಈ ನೌಕರಿ. ಅತ್ತೆ ಬಾಡಿಗೆ ಮನೆಯಲ್ಲಿ ಒಂದು ಮಳೆಗಾಲವನ್ನೂ ದಾಟಲಿಲ್ಲ. ಕೊನೆಗೆ ಮನೆಗೆ ಕರಕೊಂಡು ಹೋಗು, ಒಲೆ ಹಚ್ಚಬೇಕು ಎನ್ನುತ್ತಿದ್ದರು. ಹೋದ ವರ್ಷ ಇವರು ಮರೆತುಹೋದ ಬುತ್ತಿ ಕೊಡಲು ನಾನು ಹಳಿಯ ಬದಿಯಲ್ಲಿ ನಡೆದು ಹೋಗಿದ್ದೆ. ದೂರದಿಂದ ಕಂಡೆ. ನಮ್ಮ ಅಡುಗೆಮನೆ ಇದ್ದ ಜಾಗ ಬಂದ ಕೂಡಲೇ ಇವರು ಬೂಟು ಬಿಚ್ಚಿ ಕೈಯಲ್ಲಿ ಹಿಡಿದರು. ಕಾದ ಜಲ್ಲಿಯ ಮೇಲೆ ಬರಿಗಾಲಲ್ಲಿ ಅಷ್ಟು ದೂರ ನಡೆದು, ದಾಟಿದ ಮೇಲೆ ಹಾಕಿಕೊಂಡರು. ನಾನು ಕಂಡದ್ದು ಅವರಿಗೆ ಗೊತ್ತಿಲ್ಲ. ಎಂತಾ ಕೊಟ್ಟಿದ್ರಿ ಎಂದು ಭಾವ ಕೇಳಿದರಲ್ಲ, ಅದಕ್ಕೆ ಈ ಮನುಷ್ಯ ಬಾಯಿ ಬಿಟ್ಟು ಏನು ಹೇಳಬೇಕಿತ್ತು?

ಭಾವ ಬಂದರೆ ಸ್ಟೇಷನ್ನಿನಿಂದ ರಿಕ್ಷಾ ಮಾಡುವುದಿಲ್ಲ. ಹಳಿಯ ಬದಿಯಲ್ಲೇ ಕರಕೊಂಡು ಬರುತ್ತೇನೆ, ಇವರೂ ಇರುತ್ತಾರೆ. ನಡುವೆ ಒಂದು ಕಡೆ ಇವರು ಬೂಟು ಬಿಚ್ಚಲು ಬಗ್ಗಿದರೆ ಯಾಕೆ ಎಂದು ಕೇಳಬಾರದು. ಅಷ್ಟನ್ನು ಮಾತ್ರ ಭಾವನಿಗೆ ಹೇಳಿ ಕಳಿಸು.