ಲಿಂಬೆಹಣ್ಣಿಗೆ ಹೆದರುವ ಕಟಾರಿ

ಮ್ಯೂನಿಕ್

ಬೆಟಗೇರಿಯ ಅಕ್ಕನಿಗೆ ನಮಸ್ಕಾರ.

ನಿನ್ನ ಮಗ ಅಜಯ ತನ್ನ ಮದುವೆಯಲ್ಲಿ ಕೈಯಲ್ಲಿ ಹಿಡಿಯಲೆಂದು ನಮ್ಮ ಮನೆಯವರು ಕಡೆಗೂ ಕಟಾರಿ ಕೊಂಡರು. ಹಿಟ್ಲರನ ಕಾಲದ ಮಿಲಿಟರಿ ಅಧಿಕಾರಿಯದಂತೆ. ಇಲ್ಲಿನ ಹಳೆ ಸಾಮಾನಿನ ಸಂತೆಯ ತುಂಬ ಇಂಥವೇ. ಮುದುಕರು ಬಿಳಿ ಕೈಗವಸು ತೊಟ್ಟು ಹಸುಗೂಸಿನ ಹಾಗೆ ಎತ್ತಿ ನೋಡುತ್ತಾರೆ.

"ಇದು ಎಷ್ಟು ಮಂದೀನ ಕಡದೈತ್ರಿ?" ಎಂದು ಇವರನ್ನು ಕೇಳಿದೆ.

"ಏ ಹುಚ್ಚಿ, ಇದು ಪಾರ್ಟಿಗೆ ಹೋಗುವಾಗ ಸೊಂಟಕ್ಕ ಕಟ್ಟೂದು. ಹರಿತಾನ ಇಲ್ಲ. ಬಳಸಲಾರದ ಇಟ್ಟದ್ದಕ್ಕನ ಇಷ್ಟು ಕಿಮ್ಮತ್ತು!" ಎಂದರು.

ಹಾಗಿದ್ದರೆ ಇವರ ಕಿಮ್ಮತ್ತು ನನಗೆ ಇಷ್ಟು ವರ್ಷ ತಿಳಿದೇ ಇರಲಿಲ್ಲ.

"ಮದುವ್ಯಾಗ ಪದ್ಧತಿ ಪ್ರಕಾರ ಲಿಂಬಿಹಣ್ಣು ಚುಚ್ಚಾಕ ತುದಿ ಐತಲ್ಲ, ಆತು ಬಿಡ್ರಿ" ಎಂದೆ. ಎದೆ ಹಿಡಿದುಕೊಂಡರು. ಹುಳಿ ತಾಗಿದರೆ ಹೊಳಪು ಹೋಗುತ್ತದಂತೆ. ಮದುಮಗ ಬರಿಗೈಲಿ ಮುಟ್ಟಲೂ ಬಾರದಂತೆ. ಅವನಿಗೊಂದು ಜೊತೆ ಕೈಗವಸನ್ನೂ ಕೊಂಡಿದ್ದಾರೆ.

ಚಳಿಗೆ ನನ್ನ ಮೊಣಕಾಲು ನೋವು ಹೆಚ್ಚಿದೆ, ಗಾಬರಿಯಾಗಬೇಡ. ನಮ್ಮಪ್ಪ ತನ್ನ ಮದುವೆಯಲ್ಲಿ ಹಿಡಿದ ಕಟಾರಿಯಿಂದ ನೀನು ಉಳ್ಳಾಗಡ್ಡಿ ಹೆಚ್ಚುತ್ತೀಯಲ್ಲ, ಅದನ್ನೇ ತೊಳೆದಿಡು. ದೆವ್ವ ಓಡಿಸಬೇಕಾದ ಕಟಾರಿ ಲಿಂಬೆಹಣ್ಣಿಗೇ ಹೆದರಿದರೆ ಹೇಗೆ?

ನಿನ್ನ ತಂಗಿ,
ಕಲ್ಪನಾ