ಎರಡು ಒಲೆಯ ಲ್ಯಾಪ್‌ಟಾಪ್

ಲಕ್ಷ್ಮೀ ನಗರ, ದೆಹಲಿ
16 ಜನವರಿ 2008, ಬುಧವಾರ

ಪ್ರೀತಿಯ ಹರಿಣಿಗೆ, ಅಮ್ಮನ ತುಂಬು ಮನಸ್ಸಿನ ಆಶೀರ್ವಾದ.

ಹೇಗಿದ್ದೀಯಮ್ಮಾ? ಗುವಾಹಟಿಯ ಚಳಿ ನಮ್ಮ ದೆಹಲಿಯಷ್ಟು ಇಲ್ಲವೆಂದು ಅಳಿಯಂದಿರು ಹೇಳಿದ್ದರು, ಆದರೂ ಕಾಲುಚೀಲ ಹಾಕಿಕೊಂಡೇ ಓಡಾಡು. ಊಟ ಸೇರುತ್ತಿದೆಯೇ? ಹೊತ್ತುಹೊತ್ತಿಗೆ ತಿನ್ನುತ್ತಿದ್ದೀಯಾ? ನೀರಿನ ಬಕೆಟ್ಟನ್ನು ನೀನು ಎತ್ತಬೇಡ, ಇಂದುಶೇಖರರಿಗೆ ಹೇಳು. ಬ್ಯಾಂಕಿನ ಮ್ಯಾನೇಜರ್ ಆದವರು ಬಕೆಟ್ ಎತ್ತಬಾರದೆಂದು ಎಲ್ಲೂ ಬರೆದಿಲ್ಲ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನನ್ನ ಕಿವಿ ಇದ್ದ ಹಾಗೇ ಇದೆ, ಅಂದರೆ ಇಲ್ಲದ ಹಾಗೇ ಇದೆ. ನಿನ್ನೆ ಸಂಕ್ರಾಂತಿ ಮಾಡಿದೆವು. ಈ ಸಲ ನಿನಗೆ ಎಳ್ಳುಬೆಲ್ಲ ಕಳಿಸುತ್ತಿಲ್ಲ, ಸಕ್ಕರೆ ಅಚ್ಚು ಮಾತ್ರ ಕಳಿಸುತ್ತಿದ್ದೇನೆ. ಎಳ್ಳು ಎಲ್ಲಿ ಅಂತ ಗೊಣಗಬೇಡ. ಅಚ್ಚುಗಳಲ್ಲಿ ಆನೆಯ ಸೊಂಡಿಲು ಮುರಿದಿದೆ, ಅದು ನಿಮ್ಮಪ್ಪ ರುಚಿ ನೋಡಿದ್ದು.

ನಿಮ್ಮಪ್ಪನದು ಇನ್ನೊಂದು ಸುದ್ದಿ ಇದೆ. ಮೀಸೆ ಕತ್ತರಿಸಿಕೊಂಡು ಬಂದಿದ್ದಾರೆ! ಕೃಷಿ ಭವನದಲ್ಲಿ ಮೂವತ್ತು ವರ್ಷ ಗುಮಾಸ್ತಿಕೆ ಮಾಡುವಾಗ ಯಾವ ಸಾಹೇಬನಿಗೂ ಬಗ್ಗದ ಮೀಸೆ ಅದು. ಈಗ ನಾನು ಮಾತನ್ನು ತುಟಿ ನೋಡಿ ತಿಳಿದುಕೊಳ್ಳುತ್ತೇನಲ್ಲ, ಅವರ ಮೇಲ್ತುಟಿ ಮಾತ್ರ ಆ ಪೊದೆಯೊಳಗೆ ಮಾಯವಾಗುತ್ತಿತ್ತು. ಕಾಫಿ ಕೇಳಿದರೂ ಟವೆಲ್ ಕೇಳಿದರೂ ನನಗೆ ಒಂದೇ. ಒಂದು ದಿನ ಏನೂ ಹೇಳದೆ ಕ್ಷೌರದಂಗಡಿಗೆ ಹೋಗಿ ಬಂದು ನನ್ನೆದುರು ನಿಂತು 'ಈಗ ಕಾಣುತ್ತೇನೇ?' ಅಂದರು. ನನಗೆ ಅಳು ಬಂತು, ನಗುವೂ ಬಂತು.

ಇನ್ನು ಮುಖ್ಯ ವಿಷಯ. ಲ್ಯಾಪ್‌ಟಾಪ್ ಬಂದಿದೆ. ನನ್ನ ಕಿವಿ ಹೋದ ಮೇಲೆ ಫೋನು ನನ್ನ ಪಾಲಿಗೆ ಮೇಜಿನ ಮೇಲಿನ ಒಂದು ಗೊಂಬೆಯಾಗಿತ್ತು. ನಿನ್ನ ಕರೆ ಬಂದಾಗಲೆಲ್ಲ ನಿಮ್ಮಣ್ಣ ಪವನ್ ಮಾತಾಡಿ, ಆಮೇಲೆ ನನಗೆ ಎರಡೇ ಮಾತಲ್ಲಿ 'ಚೆನ್ನಾಗಿದ್ದಾಳಮ್ಮ' ಅಂತ ಒಪ್ಪಿಸುತ್ತಿದ್ದ. ಅರ್ಧ ಗಂಟೆ ಮಾತಾಡಿದ್ದರ ಸಾರ ಅಷ್ಟೇ ಇರುತ್ತದೆಯೇ? ನಿನ್ನ ಕಾಗದಗಳೂ ಈಚೆಗೆ ತೀರಾ ಚಿಕ್ಕವಾಗಿದ್ದವು. ನಿನ್ನ ಮುಖ ನೋಡಿಕೊಂಡು ಮಾತಾಡಬೇಕೆಂದು ನಾನು ಹಟ ಹಿಡಿದೆ. ಅಳಿಯಂದಿರು ನಿಮ್ಮ ಕಂಪ್ಯೂಟರಿಗೆ ಕ್ಯಾಮೆರಾ ಹಾಕಿಸಿದ್ದಾರೆಂದು ಗೊತ್ತಾದ ಮೇಲಂತೂ ನಾನು ಯಾರನ್ನೂ ಸುಮ್ಮನೆ ಕೂರಲು ಬಿಡಲಿಲ್ಲ.

ಕಡಿಮೆ ಬೆಲೆಯದನ್ನೇ ಕೊಳ್ಳುವುದೆಂದು ಮೊದಲೇ ತೀರ್ಮಾನವಾಗಿತ್ತು. ಆದರೆ ಕಡಿಮೆ ಬೆಲೆಯದರಲ್ಲಿ ಯಾವುದು? ಎಲ್ಲಕ್ಕೂ ಮೊದಲು ಪ್ರೊಸೆಸರ್ ನೋಡಬೇಕು, ಯಂತ್ರದ ಬುದ್ಧಿ ಅಲ್ಲಿದೆ ಅಂದ ಪವನ್. ನಿಮ್ಮಪ್ಪ ಪೇಪರಿನ ಜಾಹೀರಾತುಗಳಿಗೆಲ್ಲ ಗೆರೆ ಎಳೆದು, ಯಾವುದರ ಗಿಗಾಹರ್ಟ್ಜ್ ಜಾಸ್ತಿಯೋ ಅದೇ ಒಳ್ಳೆಯದು ಎಂದು ತೀರ್ಪು ಕೊಟ್ಟರು. ಗಿಗಾಹರ್ಟ್ಜ್ ಅಂದರೇನು ಅಂತ ನಾನು ಕೇಳಿದ್ದಕ್ಕೆ 'ವೇಗ' ಅಂದರು. ಯಾವುದರ ವೇಗ, ಒಳಗೆ ಏನು ಓಡುತ್ತದೆ ಅಂದರೆ ಮತ್ತೆ 'ವೇಗ' ಅಂದರು. ಈ ಸಲ ಅರ್ಥವಾಗದಿರುವುದಕ್ಕೆ ಮೀಸೆ ಕಾರಣವಲ್ಲ. ಪವನ್ ಹೇಳಿದ್ದು ಬೇರೆ. ಕೆಲವು ಪ್ರೊಸೆಸರಿನಲ್ಲಿ ಒಂದು ಕೋರ್ ಇರುತ್ತದೆ, ಕೆಲವುಗಳಲ್ಲಿ ಎರಡು. ವೇಗ ಕಡಿಮೆ ಬರೆದಿದ್ದರೂ ಎರಡು ಕೋರಿನದು ಎರಡು ಕೆಲಸ ಒಟ್ಟಿಗೆ ಮಾಡುತ್ತದೆ. ಅವನು ಮಧ್ಯೆ ಮಧ್ಯೆ ಹಿಂದಿಗೆ ಹಾರುತ್ತಾನಲ್ಲ, ಅಲ್ಲಿ ನನಗೆ ದಾರಿ ತಪ್ಪುತ್ತದೆ. ಮೂವತ್ತು ವರ್ಷ ಹಿಂದಿಯನ್ನು ಕಿವಿಯಿಂದ ಕಲಿತೆ, ಕಣ್ಣಿನಿಂದ ಕಲಿತದ್ದು ಕನ್ನಡ ಮಾತ್ರ. ಮೂರು ಸಲ ಹೇಳಿಸಿಕೊಂಡ ಮೇಲೆ ನನಗೇ ಹೊಳೆಯಿತು. ಒಂದೇ ಒಲೆಯನ್ನು ಎಷ್ಟು ಜೋರಾಗಿ ಉರಿಸಿದರೂ ಅನ್ನ ಇಳಿಸಿದ ಮೇಲೆಯೇ ಸಾರು. ಎರಡು ಒಲೆ ಇದ್ದರೆ ಉರಿ ಸಣ್ಣದಿದ್ದರೂ ಎರಡೂ ಒಟ್ಟಿಗೆ ಆಗುತ್ತವೆ. ಹಾಗಾದರೆ ಚಿತ್ರ ಒಂದು ಒಲೆ, ಬೇರೆಲ್ಲ ಕೆಲಸ ಇನ್ನೊಂದು ಒಲೆ, ಅಲ್ಲವೇನೋ ಅಂದೆ. ಪವನ್ ನನ್ನನ್ನೇ ನೋಡಿ 'ಅಮ್ಮಾ, ಹೆಚ್ಚುಕಮ್ಮಿ ಅದೇ' ಅಂದ. ನಿಮ್ಮಪ್ಪ ಒಪ್ಪಲಿಲ್ಲ. ಕಣ್ಣಾರೆ ನೋಡಿಯೇ ತರುತ್ತೇನೆ ಅಂದೆ.

ಶನಿವಾರ ಪವನ್ ಜೊತೆ ನೆಹರೂ ಪ್ಲೇಸಿಗೆ ಹೋದೆ. ವಿಕಾಸ್ ಮಾರ್ಗವನ್ನೆಲ್ಲ ಮೆಟ್ರೋಗಾಗಿ ಅಗೆದು ಹಾಕಿದ್ದಾರೆ, ಮಂಜು ಬೇರೆ, ಆಟೋದಲ್ಲಿ ಮೂಳೆಗಳೆಲ್ಲ ಜಾಗ ಬದಲಾಯಿಸಿದವು. ಅಲ್ಲಿ ಅಂಗಡಿಯವನು ಯಂತ್ರ ತೆರೆದು ಒಂದು ಹಿಂದಿ ಸಿನಿಮಾದ ಹಾಡು ಹಾಕಿ ಏನೋ ಹೇಳಿದ. 'ಬೆಣ್ಣೆ ಥರಾ ಓಡುತ್ತಂತಮ್ಮ' ಅಂತ ಪವನ್ ತಿಳಿಸಿದ. ಬೆಣ್ಣೆ ಇರಲಿ, ಕುಣಿಯುವವರ ತುಟಿ ನೋಡಿ ನನಗೇನು ಆಗಬೇಕು? ನನಗೆ ಕನ್ನಡ ಮಾತಾಡುವ ಮುಖ ಬೇಕು ಅಂದೆ. ಆ ಭಯ್ಯಾ ಒಳ್ಳೆಯವನು, ಪವನ್ ವಿವರಿಸಿದ ಮೇಲೆ ಕೈ ಮುಗಿದು ಏರ್ಪಾಡು ಮಾಡಿದ. ಅಂಗಡಿಯ ಆ ತುದಿಯಲ್ಲಿ ಗೋಡೆಗೆ ಒತ್ತಿಟ್ಟ ಮೇಜಿನ ಮೇಲೆ ಕ್ಯಾಮೆರಾ ಇರುವ ಒಂದು ಕಂಪ್ಯೂಟರ್ ಇತ್ತು. ಪವನ್ ಅದರ ಮುಂದೆ, ನನಗೆ ಬೆನ್ನು ಹಾಕಿ ಕೂತ. ಈ ತುದಿಯಲ್ಲಿ ಲ್ಯಾಪ್‌ಟಾಪಿನ ಮುಂದೆ ನಾನು. ಅವನ ಮುಖ ನನ್ನೆದುರು ತೆರೆಯಲ್ಲಿ ಬಂತು. ಬೆನ್ನನ್ನೂ ಮುಖವನ್ನೂ ಒಟ್ಟಿಗೆ ನೋಡುವ ಯೋಗ ಹೆತ್ತ ತಾಯಿಗೂ ಸಿಗುವುದು ಅಪರೂಪ.

ಮೊದಲು ನಿಮ್ಮಪ್ಪ ಗೆರೆ ಎಳೆದದ್ದೇ, ಒಂದು ಕೋರಿನದು, ಗಿಗಾಹರ್ಟ್ಜ್ ಎರಡರ ಮೇಲೆ ಚಿಲ್ಲರೆ. ಮೊದಮೊದಲು ಸರಿಯಾಗಿಯೇ ಇತ್ತು. ಮನೆಯಲ್ಲಿ ಇರುವ ಹಾಗೇ ಇರಲಿ ಎಂದು ಹಿಂದೆ ಹಾಡು, ವೈರಸ್ ಹುಡುಕುವುದು, ಎಲ್ಲ ಶುರು ಮಾಡಿಸಿದೆವು. ಆಗ ಪವನ್ ಬಾಯಿ ತೆರೆದವನು ತೆರೆದೇ ಉಳಿದ, ಮತ್ತೆ ಬಾಯಿ ಮುಚ್ಚಿದ್ದು ಕಂಡಿತು. ನಡುವಿನ ಮಾತೆಲ್ಲ ಯಂತ್ರ ನುಂಗಿತ್ತು. ಅವನು ಇವತ್ತು ಊಟಕ್ಕೆ ಮಜ್ಜಿಗೆಹುಳಿ ಮಾಡು ಅಂದನಂತೆ, ನನಗೆ ಒಂದು ಅಕ್ಷರವೂ ಸಿಕ್ಕಲಿಲ್ಲ. ಎರಡನೆಯದು ಎರಡು ಕೋರಿನದು, ವೇಗ ಅದಕ್ಕಿಂತ ಕಡಿಮೆ ಬರೆದಿತ್ತು. ಅದೇ ಹಾಡು, ಅದೇ ವೈರಸ್, ಎಲ್ಲ ಹಾಕಿಸಿದೆ. ಅಷ್ಟರಲ್ಲಿ ಅವನ ಮೊಬೈಲಿಗೆ ಕರೆ ಬಂತು. ಕತ್ತು ತಿರುಗಿಸಿ ನನ್ನನ್ನೊಮ್ಮೆ ನೋಡಿ, ಮತ್ತೆ ಗೋಡೆಯ ಕಡೆ ಮುಖ ಮಾಡಿ ಮಾತಾಡಿದ. ಆಮೇಲೆ ಬಂದು ಆಫೀಸಿನ ಫೋನು ಅಂದ. ಇದೇ ಇರಲಿ, ಇದರ ಪ್ರೊಸೆಸರ್ ಬಹಳ ಚೆನ್ನಾಗಿದೆ ಅಂದೆ. ಅಷ್ಟು ಬೇಗ ಹೇಗೆ ಗೊತ್ತಾಯಿತು, ಇನ್ನೂ ಎರಡು ನೋಡೋಣ ಅಂದ. ಬೇಡ ಅಂದೆ. ದಾರಿಯಲ್ಲಿ ನಿಮ್ಮಪ್ಪನಿಗೆಂದು ಬಿಸಿ ಗಜಕ್ ಮಿಠಾಯಿ ಕಟ್ಟಿಸಿಕೊಂಡು ಬಂದೆವು. ಅದನ್ನು ತಿನ್ನುತ್ತಲೇ ಅವರು ಯಂತ್ರದ ಚೀಟಿ ಓದಿ 'ಸಂಖ್ಯೆ ಚಿಕ್ಕದಾಯಿತಲ್ಲ' ಎಂದು ಕೊರಗಿದರು.

ಬ್ರಾಡ್‌ಬ್ಯಾಂಡಿನವರು ಮುಂದಿನ ವಾರ ಬರುತ್ತಾರೆ. 27ನೇ ತಾರೀಖು ಭಾನುವಾರ ಸಂಜೆ ನೀನು ಕ್ಯಾಮೆರಾ ಮುಂದೆ ಕೂರು. ಬೆಳಕು ಬೆನ್ನಿಗಲ್ಲ, ಮುಖದ ಮೇಲೆ ಬೀಳಬೇಕು. ಕೈಯನ್ನು ಗಲ್ಲಕ್ಕೆ ಆನಿಸುವ ಅಭ್ಯಾಸ ಬಿಡು. ಇಂದುಶೇಖರರಿಗೂ ನಿನ್ನ ಅತ್ತೆಯವರಿಗೂ ನಮ್ಮೆಲ್ಲರ ನೆನಪು ಹೇಳು. ದೇವರು ನಿನ್ನ ಮಡಿಲು, ಮನೆ ತಂಪಾಗಿಡಲಿ.

ನಿನ್ನ ದಾರಿ ನೋಡುತ್ತಿರುವ
ಅಮ್ಮ, ರತ್ನಾ

ತಾ.ಕ.: ಪವನ್ ಕಾಗದ ಓದಿ ಮುಗಿಸಿ ಸ್ನಾನಕ್ಕೆ ಹೋಗಿದ್ದಾನೆ, ಅವನು ಬರುವಷ್ಟರಲ್ಲಿ ಇದನ್ನು ಬರೆದು ಲಕೋಟೆ ಅಂಟಿಸುತ್ತೇನೆ. ಅದು ಆಫೀಸಿನ ಫೋನಲ್ಲ, ನಿನ್ನದು. ನನಗೆ ಮುಚ್ಚಿಡಬೇಕಾದ್ದನ್ನು ನೀವೆಲ್ಲ ಗೋಡೆಗೆ ಮುಖ ಮಾಡಿ ಹೇಳಿಕೊಳ್ಳುವುದು ಈ ಮನೆಯ ರೂಢಿಯಲ್ಲವೇ? ಕ್ಯಾಮೆರಾವೂ ಗೋಡೆಯ ಹತ್ತಿರವೇ ಇದೆ ಅನ್ನುವುದು ನಿನ್ನ ಅಣ್ಣನಿಗೆ ಮರೆತೇ ಹೋಯಿತು. 'ಇಲ್ಲ ಕಣೇ, ಅಮ್ಮಂಗೆ ಹೇಳಿಲ್ಲ. ಡಾಕ್ಟ್ರು ಹೇಳ್ದಂಗೆ ನೀನು ಮಲ್ಕೊಂಡೇ ಇರು. ನಾಲ್ಕು ತಿಂಗಳು ತುಂಬ್ಲಿ, ಆಮೇಲೆ ಹೇಳೋಣ' ಅಂದ. ಒಂದು ಅಕ್ಷರವೂ ತಪ್ಪಲಿಲ್ಲ. ಮೊದಲಿನ ಯಂತ್ರವಾಗಿದ್ದರೆ ನನಗೆ ಗೊತ್ತಾಗುತ್ತಲೇ ಇರಲಿಲ್ಲ. ಎಳ್ಳು ಯಾಕೆ ಕಳಿಸಲಿಲ್ಲ ಅಂತ ಈಗ ತಿಳಿಯಿತಲ್ಲ, ಎಳ್ಳು ಉಷ್ಣ, ಈಗ ನೀನು ಮುಟ್ಟಬಾರದು. ನಾನು ಯಾರಿಗೂ ಹೇಳಿಲ್ಲ, ನಿಮ್ಮಪ್ಪನಿಗೂ ಇಲ್ಲ. ಭಾನುವಾರ ನೀನು ಹೇಳಿದರೆ ಮೊದಲ ಸಲ ತಿಳಿದವಳ ಹಾಗೆ ಬೆರಗಾಗುತ್ತೇನೆ, ಪವನ್ ಪಕ್ಕದಲ್ಲೇ ಇರುತ್ತಾನೆ, ನೀನು ನಗಬೇಡ. ಹೇಳದಿದ್ದರೂ ಕೇಳುವುದಿಲ್ಲ. ಹಿಂದೆ ಎರಡು ಸಲ ಆದದ್ದನ್ನು ನೆನೆದು ನಾನು ಹೆದರುತ್ತೇನೆಂದು ಮುಚ್ಚಿಟ್ಟಿದ್ದೀಯ, ಗೊತ್ತು. ಹೆದರಿದ್ದೇನೆ, ಸಂತೋಷವೂ ಆಗಿದೆ. ಒಂದೇ ಮಾತು ನಡೆಸಿಕೊಡು ಹರಿಣಿ. ಈ ಸಲ ಏನೇ ಆಗಲಿ, ನೀನು ಗೋಡೆಯ ಕಡೆ ತಿರುಗಬೇಡ. ನನ್ನ ಕಡೆಗೇ ಮುಖ ಮಾಡಿ ಹೇಳು.